ಸೂಸಾಫೋನ್ ಹೊತ್ತು ನಡೆಯುವವರ ಹೆಗಲು, ಕುತ್ತಿಗೆ, ಸೊಂಟ: ನೀವೆಲ್ಲ ಏನು ಮಾಡುತ್ತೀರಿ?

ಬಾಸ್_ತುಮಕೂರು
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಒಂದು ಬ್ಯಾಂಡ್ ಸೆಟ್‌ನಲ್ಲಿ ಸೂಸಾಫೋನ್ ನುಡಿಸುತ್ತೇನೆ, ಮೈಗೆ ಸುತ್ತಿಕೊಂಡು ಹೆಗಲ ಮೇಲೆ ಹೊರುವ ದೊಡ್ಡ ಹಿತ್ತಾಳೆ ವಾದ್ಯ ಅದು. ಮೊದಲು ಯುಫೋನಿಯಂ, ಅಂದರೆ ಕೈಯಲ್ಲಿ ಹಿಡಿದು ನುಡಿಸುವ ಚಿಕ್ಕ ಹಿತ್ತಾಳೆ ವಾದ್ಯ, ನನ್ನದಾಗಿತ್ತು. ಬಾಸ್ (ಕೆಳಗಿನ ಸ್ವರ) ನುಡಿಸುತ್ತಿದ್ದ ಅಣ್ಣ ಊರು ಬಿಟ್ಟ ಮೇಲೆ ದೊಡ್ಡ ವಾದ್ಯ ನನ್ನ ಹೆಗಲಿಗೆ ಬಂತು. ನುಡಿಸುವುದು ತುಂಬಾ ಇಷ್ಟ. ಇಡೀ ಬ್ಯಾಂಡ್ ನನ್ನ ಸ್ವರದ ಮೇಲೆ ನಿಂತಿದೆ ಅನ್ನಿಸುತ್ತದೆ. ಆದರೆ ಮೈ ತಡೆಯುತ್ತಿಲ್ಲ.

ನನ್ನ ಎತ್ತರ 5 ಅಡಿ 3 ಇಂಚು. ವಾದ್ಯ ಎಡ ಹೆಗಲ ಮೇಲೆ ಕೂತಾಗ ಊದುವ ಮೌತ್‌ಪೀಸ್ ತುಟಿಗಿಂತ ಮೇಲೆ, ಸ್ವಲ್ಪ ದೂರದಲ್ಲಿ ಇರುತ್ತದೆ. ಗದ್ದ ಎತ್ತಿ, ಕುತ್ತಿಗೆ ಮುಂದೆ ಚಾಚಿದರೆ ಮಾತ್ರ ಸಿಗುತ್ತದೆ. ದೇವಸ್ಥಾನದಿಂದ ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ಕುತ್ತಿಗೆ ಹಿಂದೆ ಪೂರ್ತಿ ಬಿಗಿದುಕೊಂಡಿರುತ್ತದೆ. ರಾತ್ರಿ ಎಡಗೈ ಕಿರುಬೆರಳು ಜುಮ್ಮೆನ್ನುತ್ತದೆ. ಹೆಗಲಿಗೆ ಟವೆಲ್ ಸುತ್ತಿಕೋ ಅಂತ ಎಲ್ಲರೂ ಹೇಳುತ್ತಾರೆ. ಟವೆಲ್ ದಪ್ಪ ಮಾಡಿದಷ್ಟೂ ವಾದ್ಯ ಮೇಲೆ ಹೋಗುತ್ತದೆ, ಮೌತ್‌ಪೀಸ್ ಇನ್ನೂ ದೂರ ಆಗುತ್ತದೆ.

ಬೆಲ್ಟ್ ಹಾಕಿದರೆ ಸರಿ ಹೋಗುತ್ತದಾ? ಫೈಬರ್ ವಾದ್ಯ ತಗೊಳ್ಳಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕೋಲಾರದ_ಹಳೇ_ಬಾಸ್
ತಮ್ಮಾ, ಮೊದಲು ಒಂದು ವಿಷಯ ಹೇಳು. ವಾದ್ಯದ ಕತ್ತಿನ ಬಗ್ಗಿದ ಕೊಳವೆಗೂ ಮೌತ್‌ಪೀಸ್‌ಗೂ ನಡುವೆ ಚಿಕ್ಕ ತುಂಡುಗಳು ಇವೆಯಾ? ಬಿಟ್ ಅಂತಾರೆ. ಸಾಮಾನ್ಯವಾಗಿ ಎರಡು ಇರುತ್ತವೆ.

ಬಾಸ್_ತುಮಕೂರು
ಇಲ್ಲ ಅಣ್ಣ. ಮೌತ್‌ಪೀಸ್ ನೇರವಾಗಿ ಕತ್ತಿನ ಕೊಳವೆಗೇ ಕೂರಿಸಿದ್ದಾರೆ. ನನ್ನ ಕೈಗೆ ಬಂದಾಗಲೇ ಹಾಗಿತ್ತು.

ಕೋಲಾರದ_ಹಳೇ_ಬಾಸ್
ಹಾಗಾದರೆ ಶ್ರುತಿ ಮೇಲೆ ಹೋಗುತ್ತದೆ, ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ (ಜಾರುವ ಕೊಳವೆ) ತುಂಬಾ ಹೊರಗೆ ಎಳೆದು ನುಡಿಸುತ್ತಿದ್ದೀಯ. ಹೌದಲ್ವಾ?

ಬಾಸ್_ತುಮಕೂರು
ಹೌದು! ಬೀಳುವ ಹಾಗೆ ಎಳೆದಿರುತ್ತೇನೆ. ಹೇಗೆ ಗೊತ್ತಾಯಿತು?

ಕೋಲಾರದ_ಹಳೇ_ಬಾಸ್
ಆ ಎರಡು ತುಂಡೂ ಕೊಳವೆಯ ಉದ್ದದ ಲೆಕ್ಕದಲ್ಲೇ ಸೇರಿವೆ. ಅವು ಇಲ್ಲದಿದ್ದರೆ ಕೊಳವೆ ಗಿಡ್ಡ, ಸ್ವರ ಏರು. ಆ ಉದ್ದವನ್ನು ನೀನು ಸ್ಲೈಡ್‌ನಲ್ಲಿ ತುಂಬಿಸುತ್ತಿದ್ದೀಯ.

ಆದರೆ ಬಿಟ್‌ನ ದೊಡ್ಡ ಉಪಯೋಗ ಶ್ರುತಿಗಿಂತ ನಿನ್ನ ಕುತ್ತಿಗೆಗೆ. ಪ್ರತಿ ಬಿಟ್ ಸ್ವಲ್ಪ ಬಗ್ಗಿರುತ್ತದೆ. ಒಂದನ್ನು ಇನ್ನೊಂದರಲ್ಲಿ ಕೂರಿಸಿ ತಿರುಗಿಸಿದರೆ ಮೌತ್‌ಪೀಸ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬರುತ್ತದೆ. ಮುಖದ ಹತ್ತಿರಕ್ಕೂ ಬರುತ್ತದೆ. ಆರಡಿ ಆಳಿಗೂ ಐದಡಿ ಆಳಿಗೂ ಒಂದೇ ವಾದ್ಯ ಹೊಂದುವುದು ಈ ತುಂಡುಗಳಿಂದ. ಕೆಲವು ವಾದ್ಯದಲ್ಲಿ ಕತ್ತಿನ ಕೊಳವೆಗೂ ಬಿಗಿ ಸ್ಕ್ರೂ ಇರುತ್ತದೆ, ಅದನ್ನು ಸಡಿಲ ಮಾಡಿ ಕೊಳವೆಯನ್ನೂ ತಿರುಗಿಸಬಹುದು.

ಹೊಂದಿಸುವ ಕ್ರಮ ಮುಖ್ಯ. ಮೊದಲು ನೀನು ನೆಟ್ಟಗೆ ನಿಲ್ಲು. ಎರಡೂ ಪಾದದ ಮೇಲೆ ಸಮ ಭಾರ ಇರಲಿ. ಕಣ್ಣು ದೂರದ ಗೋಡೆ ನೋಡಲಿ. ಇನ್ನೊಬ್ಬರು ವಾದ್ಯವನ್ನು ನಿನ್ನ ಹೆಗಲ ಮೇಲೆ ಕೂರಿಸಲಿ. ಆಮೇಲೆ ಅವರೇ ಬಿಟ್ ತಿರುಗಿಸುತ್ತಾ ಮೌತ್‌ಪೀಸನ್ನು ನಿನ್ನ ತುಟಿಗೆ ತರಲಿ. ನೀನು ತುಟಿ ತೆಗೆದುಕೊಂಡು ಹೋಗಬೇಡ. ನಾನು ಹೊಸಬರಿಗೆ ಕಲಿಸುವಾಗ ಇದು ಆಗುವವರೆಗೆ ಒಂದು ಸ್ವರವನ್ನೂ ಊದಿಸುವುದಿಲ್ಲ. ಬೆಲ್ಟ್, ಫೈಬರ್ ಎಲ್ಲ ಆಮೇಲಿನ ಮಾತು.

ಮದುವೆ_ಮೆರವಣಿಗೆ
ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮ ಕಾಲದಲ್ಲಿ ಬಿಟ್ ಇಲ್ಲ, ಪ್ಯಾಡ್ ಇಲ್ಲ. ರಾತ್ರಿ ಇಡೀ ಹೂವಿನ ಪಲ್ಲಕ್ಕಿ ಹಿಂದೆ ನಡೆದಿದ್ದೇವೆ. ಬೆಳಗ್ಗೆ ಬಿಸಿನೀರು ಹುಯ್ಕೊಂಡು ಮುಲಾಮು ಹಚ್ಚಿದರೆ ಮುಗೀತು. ಹೊರುತ್ತಾ ಹೊರುತ್ತಾ ಹೆಗಲು ಗಟ್ಟಿ ಆಗುತ್ತದೆ.

ಫಿಸಿಯೋ_ತುಮಕೂರು
ನಾನು ಫಿಸಿಯೋಥೆರಪಿಸ್ಟ್. ಬ್ಯಾಂಡ್ ಕಲಾವಿದರು ನಮ್ಮ ಹತ್ತಿರ ಬರುವುದು ಕಡಿಮೆ. ಬರುವ ಹೊತ್ತಿಗೆ ತಡ ಆಗಿರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹಿರಿಯರು ಹೇಳಿದ ಹಾಗೆ ಸ್ನಾಯು ಗಟ್ಟಿ ಆಗುತ್ತದೆ, ಅದು ನಿಜ. ನರ ಗಟ್ಟಿ ಆಗುವುದಿಲ್ಲ. ಕುತ್ತಿಗೆಯಿಂದ ಹೊರಟು ಹೆಗಲ ಕೆಳಗೆ ಹಾದು ಕೈಗೆ ಹೋಗುವ ನರಗಳ ಒಂದು ಕಟ್ಟು ಇದೆ. ಹೆಗಲಿನ ಮೇಲೆ ಕಿರಿದಾದ ಜಾಗದಲ್ಲಿ ಭಾರ ಕೂತು, ಅದೇ ಹೊತ್ತಿಗೆ ಕುತ್ತಿಗೆ ಚಾಚಿದ್ದರೆ, ಆ ಕಟ್ಟಿನ ಮೇಲೆ ಒತ್ತಡ ಬೀಳಬಹುದು. ಕಿರುಬೆರಳು ಜುಮ್ಮೆನ್ನಲು ಅದು ಒಂದು ಕಾರಣ. ಮೊಣಕೈ ತುಂಬಾ ಹೊತ್ತು ಮಡಚಿ ಹಿಡಿದರೂ ಹಾಗೆ ಆಗಬಹುದು. ಯಾವುದು ಅಂತ ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಜುಮ್ಮು ಮರುದಿನಕ್ಕೂ ಉಳಿದರೆ, ಹಿಡಿತ ಸಡಿಲ ಆದರೆ, ಅಂಗಿ ಗುಂಡಿ ಹಾಕಲು ಕಷ್ಟ ಆದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ಕಾಯಬೇಡಿ.

ಭಾರದ ಲೆಕ್ಕ ನೋಡಿ. ಹಿತ್ತಾಳೆ ಸೂಸಾಫೋನ್ ಸಾಮಾನ್ಯವಾಗಿ 13 ಕೆಜಿ ಆಸುಪಾಸಿನಿಂದ ಶುರು, ಕೆಲವು 20 ಕೆಜಿ ಮುಟ್ಟುತ್ತವೆ. ಅದೆಲ್ಲ ಒಂದೇ ಪಕ್ಕ. ತುಂಬಿದ ಕೊಡ ಸೊಂಟದಲ್ಲಿ ಇಟ್ಟು ನಡೆಯುವವರು ಇನ್ನೊಂದು ಪಕ್ಕಕ್ಕೆ ವಾಲುತ್ತಾರಲ್ಲ, ಹಾಗೇ ಇಲ್ಲಿಯೂ ಸೊಂಟದ ಬಲಬದಿ ಸ್ನಾಯು ಇಡೀ ದಾರಿ ಎಳೆದು ಹಿಡಿದಿರುತ್ತದೆ. ನೋವು ಎಡ ಹೆಗಲಲ್ಲಿ ಅಂತ ನಮಗೆ ಅನ್ನಿಸಿದರೂ ದಣಿಯುವುದು ಬಲ ಸೊಂಟವೂ ಹೌದು. ಆದ್ದರಿಂದ ಬರೀ ಹೆಗಲಿಗೆ ವ್ಯಾಯಾಮ ಮಾಡಿದರೆ ಸಾಲದು. ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು, ಗೋಡೆಗೆ ಬೆನ್ನು ಕೊಟ್ಟು ಗದ್ದ ಒಳಕ್ಕೆ ಎಳೆಯುವುದು, ರಬ್ಬರ್ ಪಟ್ಟಿ ಎಳೆದು ಬೆನ್ನಿನ ರೆಕ್ಕೆ ಮೂಳೆಗಳನ್ನು ಹತ್ತಿರ ತರುವುದು, ಈ ಮೂರನ್ನೂ ಪ್ರತಿದಿನ ಮಾಡಿ. ಮಾಡುವಾಗ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಮಾತು, ಊದುವವರಿಗೆ ಇದು ಹಿಡಿಸುತ್ತದೆ. ಬಗ್ಗಿ ನಿಂತರೆ ಪಕ್ಕೆಲುಬು ಪೂರ್ತಿ ತೆರೆಯುವುದಿಲ್ಲ. ಬಾಸ್ ವಾದ್ಯಕ್ಕೆ ಬೇಕಾದಷ್ಟು ಗಾಳಿ ಬೇರೆ ಯಾವ ಹಿತ್ತಾಳೆ ವಾದ್ಯಕ್ಕೂ ಬೇಡ. ಬಾಸ್ ನುಡಿಸುವವರು ಸ್ವರ ತುಂಡಾಗುತ್ತಿದೆ, ಉಸಿರು ಸಾಲುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಅವರು ನಿಲ್ಲುವ ರೀತಿ.

ಮದುವೆ_ಮೆರವಣಿಗೆ
ಬಲ ಸೊಂಟದ ವಿಷಯ ಸರಿ ಮೇಡಂ. ನನಗೆ ಈಗಲೂ ಅಲ್ಲೇ ಹಿಡಿಯುತ್ತದೆ. ಹೆಗಲಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ಈ ವಯಸ್ಸಿಗೆ ಆ ವ್ಯಾಯಾಮ ಮಾಡಬಹುದಾ?

ಫಿಸಿಯೋ_ತುಮಕೂರು
ಮಾಡಬಹುದು ಸರ್. ನೆಲದ ಮೇಲೆ ಬೇಡ. ಗೋಡೆಗೆ ಪಕ್ಕ ಕೊಟ್ಟು, ಮೊಣಕೈ ಗೋಡೆಗೆ ಊರಿ, ಪಾದ ಸ್ವಲ್ಪ ದೂರ ಇಟ್ಟು ನಿಲ್ಲಿ. ಬಿಪಿ ಇದ್ದರೆ ಉಸಿರು ಕಟ್ಟಬೇಡಿ. ಒಮ್ಮೆ ಯಾರಾದರೂ ಹತ್ತಿರದ ಫಿಸಿಯೋಗೆ ತೋರಿಸಿ ಶುರು ಮಾಡಿ.

ಹಿತ್ತಾಳೆ_ರಿಪೇರಿ_ಚಿಂತಾಮಣಿ
ಟವೆಲ್ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಟವೆಲನ್ನು ವಾದ್ಯಕ್ಕೆ ಸುತ್ತಿ ಹಾಗೇ ಬಿಡಬೇಡಿ. ಬೆವರಿನ ಉಪ್ಪು ಬಟ್ಟೆಯಲ್ಲಿ ಕೂತು ಹಿತ್ತಾಳೆಯನ್ನು ತಿನ್ನುತ್ತದೆ. ಮೊದಲು ಪಾಲಿಶ್ ಹೋಗುತ್ತದೆ, ಆಮೇಲೆ ಲೋಹದೊಳಗಿನ ಸತು ಹೋಗಿ ಕೆಂಪು ಚುಕ್ಕೆ ಬೀಳುತ್ತದೆ. ಹೆಗಲು ತಾಗುವ ಜಾಗದಲ್ಲೇ ತೂತಾದ ವಾದ್ಯಗಳು ನನ್ನ ಹತ್ತಿರ ಬರುತ್ತವೆ. ಸೈಕಲ್ ಟ್ಯೂಬ್ ಸುತ್ತುವವರೂ ಇದ್ದಾರೆ. ಅದರೊಳಗೆ ತೇವ ಒಣಗುವುದೇ ಇಲ್ಲ.

ಸೋಫಾ ಹೊಲಿಯುವವರ ಹತ್ತಿರ ಹೋಗಿ. ಗಟ್ಟಿ ಫೋಮ್ ಕೇಳಿ. ಹೆಬ್ಬೆರಳಲ್ಲಿ ಒತ್ತಿದರೆ ಪೂರ್ತಿ ತಗ್ಗಬಾರದು. ಮೆತ್ತನೆಯದು ಭಾರಕ್ಕೆ ಕಾಗದದ ಹಾಗೆ ಆಗಿಬಿಡುತ್ತದೆ. ಅಗಲ ಒಂದು ಗೇಣು ಇರಲಿ, ದಪ್ಪ ಕಡಿಮೆ ಇರಲಿ. ಮೇಲೆ ರೆಕ್ಸಿನ್, ಒಳಗೆ ಹತ್ತಿ ಬಟ್ಟೆ, ಕಟ್ಟಲು ವೆಲ್ಕ್ರೋ. ಕಾರ್ಯಕ್ರಮ ಮುಗಿದ ಕೂಡಲೇ ಬಿಚ್ಚಿ, ವಾದ್ಯ ಒರೆಸಿ, ಪ್ಯಾಡ್ ಬಿಸಿಲಿಗೆ ಹಾಕಿ. ತುಮಕೂರಿನ ತಮ್ಮ ಹೇಳಿದ ತೊಂದರೆ, ಪ್ಯಾಡ್ ದಪ್ಪ ಆದರೆ ವಾದ್ಯ ಮೇಲೆ ಹೋಗುತ್ತದೆ ಅಂತ, ಅದಕ್ಕೆ ಉತ್ತರ ಇದೇ. ದಪ್ಪದಿಂದ ನೆಮ್ಮದಿ ಸಿಗುವುದಿಲ್ಲ, ಅಗಲದಿಂದ ಸಿಗುತ್ತದೆ.

ಫಿಸಿಯೋ_ತುಮಕೂರು
ಅಗಲದ ಮಾತು ನೂರಕ್ಕೆ ನೂರು ಸರಿ. ಅಷ್ಟೇ ಭಾರ, ಹೆಚ್ಚು ಜಾಗದ ಮೇಲೆ.

ಶಾಲಾ_ಬ್ಯಾಂಡ್_ಚಿಕ್ಕಬಳ್ಳಾಪುರ
ನಾನು ಶಾಲೆಯಲ್ಲಿ ಮಕ್ಕಳ ಬ್ಯಾಂಡ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಸೂಸಾಫೋನ್ ಇಲ್ಲ. ಯುಫೋನಿಯಂ ಇದೆ, ಹಳೆಯ ಟ್ಯೂಬಾ, ಅಂದರೆ ಕೂತು ತೊಡೆಯ ಮೇಲೆ ಇಟ್ಟು ನುಡಿಸುವ ಬಾಸ್ ವಾದ್ಯ, ಒಂದು ಇದೆ. ಯುಫೋನಿಯಂ 4–5 ಕೆಜಿ ಅಷ್ಟೇ, ದೊಡ್ಡವರಿಗೆ ಏನೂ ಅಲ್ಲ. ಎಂಟನೇ ಕ್ಲಾಸಿನ ಹುಡುಗಿ ಅದನ್ನು ಎದೆಗೆ ಅಪ್ಪಿಕೊಂಡು ಆಗಸ್ಟ್ 15ರ ಬೆಳಗ್ಗೆ ಮೈದಾನದಲ್ಲಿ ನಿಂತರೆ ಕಥೆ ಬೇರೆ. ನುಡಿಸುವುದು ಸ್ವಲ್ಪ ಹೊತ್ತು, ನಿಲ್ಲುವುದು ಇಡೀ ಭಾಷಣ. ಮಕ್ಕಳು ಸುಸ್ತಾಗುವುದು ಈ ಕಾಯುವಿಕೆಯಲ್ಲಿ. ಅದಕ್ಕೆ ನಾನು ಆಯೋಜಕರ ಹತ್ತಿರ ಮೊದಲೇ ಕೇಳಿಬಿಡುತ್ತೇನೆ, ಭಾಷಣದ ಹೊತ್ತಿಗೆ ಮಕ್ಕಳು ವಾದ್ಯ ಕೆಳಗಿಡಬಹುದಾ ಅಂತ. ಬೇಡ ಅಂದವರು ಕಡಿಮೆ. ನಾವು ಕೇಳುವುದೇ ಇಲ್ಲ, ಅದು ತೊಂದರೆ.

ಕೂತು ಅಭ್ಯಾಸ ಮಾಡುವಾಗ ಕುರ್ಚಿ ನೋಡಿ. ಶಾಮಿಯಾನದವರು ಕೊಡುವ ಪ್ಲಾಸ್ಟಿಕ್ ಕುರ್ಚಿ ಟ್ಯೂಬಾಗೆ ಆಗುವುದಿಲ್ಲ. ಕೈ ಇಡುವ ಹಿಡಿ ವಾದ್ಯಕ್ಕೆ ತಾಗುತ್ತದೆ. ಸೀಟು ಹಿಂದಕ್ಕೆ ಇಳಿಜಾರು ಇರುವುದರಿಂದ ಮಗು ಹಿಂದೆ ಜಾರಿ ಬೆನ್ನು ಗೂನು ಮಾಡುತ್ತದೆ. ಹಿಡಿ ಇಲ್ಲದ, ಸೀಟು ಸಪಾಟಾಗಿರುವ ಮರದ ಕುರ್ಚಿ ಅಥವಾ ಸ್ಟೂಲ್ ಒಳ್ಳೆಯದು. ಮುಂದಿನ ಅರ್ಧದಲ್ಲಿ ಕೂರಬೇಕು, ಪಾದ ಎರಡೂ ನೆಲ ಮುಟ್ಟಬೇಕು.

ಗಿಡ್ಡ ಮಗುವಿಗೆ ತೊಡೆಯ ಮೇಲೆ ಟ್ಯೂಬಾ ಇಟ್ಟರೆ ಮೌತ್‌ಪೀಸ್ ಮೂಗಿನ ಹತ್ತಿರ ಬರುತ್ತದೆ. ಆಗ ವಾದ್ಯವನ್ನು ಎರಡು ತೊಡೆಯ ನಡುವೆ ಸೀಟಿನ ಮೇಲೇ ಊರಿ. ಎತ್ತರದ ಹುಡುಗರಿಗೆ ಉಲ್ಟಾ. ಯುಫೋನಿಯಂ ತೊಡೆಯ ಮೇಲೆ ಇಟ್ಟರೆ ಬಾಯಿಗೆ ಎಟುಕುವುದಿಲ್ಲ, ಬಗ್ಗುತ್ತಾರೆ. ತೊಡೆಯ ಮೇಲೆ ಒಂದು ಗಟ್ಟಿ ದಿಂಬು ಇಟ್ಟು ಅದರ ಮೇಲೆ ವಾದ್ಯ ಇಡಿ. ದಿಂಬಿನ ಎತ್ತರ ಮಗುವಿನಿಂದ ಮಗುವಿಗೆ ಬೇರೆ. ನಾನು ಪ್ರತಿ ಮಗುವಿನ ದಿಂಬಿಗೂ ಹೆಸರು ಬರೆದಿಟ್ಟಿದ್ದೇನೆ. ಬೇಸಿಗೆ ರಜೆ ಮುಗಿಸಿ ಬಂದಾಗ ಮಕ್ಕಳು ಬೆಳೆದಿರುತ್ತಾರೆ, ಮತ್ತೆ ಅಳೆಯಬೇಕು.

ಬೆರಳಿನ ಬಗ್ಗೆಯೂ ಒಂದು ಮಾತು. ಬೆರಳಿನಿಂದ ಒತ್ತುವ ವಾಲ್ವ್ ಪಕ್ಕದ ಕಿರುಬೆರಳಿನ ಕೊಕ್ಕೆ ವಾದ್ಯ ಎತ್ತಲು ಅಲ್ಲ. ಮಕ್ಕಳು ಅದಕ್ಕೆ ಬೆರಳು ಸಿಕ್ಕಿಸಿ ನೇತು ಹಾಕುತ್ತಾರೆ. ಬಲಗೈ ಸಡಿಲವಾಗಿ, ಮಣಿಕಟ್ಟು ನೇರವಾಗಿ ಇರಬೇಕು. ಹೊರುವ ಕೆಲಸ ಎಡಗೈ ಮತ್ತು ತೊಡೆಯದು. ನಿಂತು ನುಡಿಸುವಾಗ ಬೆಲ್ಟ್ ಬಳಸುವುದಾದರೆ ಕುತ್ತಿಗೆಗೆ ಮಾತ್ರ ಹಾಕುವ ಒಂಟಿ ಬೆಲ್ಟ್ ಬೇಡ. ಬೆನ್ನ ಹಿಂದೆ ಅಡ್ಡ ಹಾದು ಎರಡೂ ಹೆಗಲಿಗೆ ಬರುವುದು ಬೇಕು.

ಕೋಲಾರದ_ಹಳೇ_ಬಾಸ್
ಟೀಚರಮ್ಮ, ದಿಂಬಿಗೆ ಹೆಸರು ಬರೆದಿಡುವುದು ನನಗೆ ತುಂಬಾ ಹಿಡಿಸಿತು. ನಮ್ಮ ಬ್ಯಾಂಡ್‌ನಲ್ಲಿ ಬಿಟ್‌ಗಳಿಗೂ ಹೀಗೆ ಗುರುತು ಹಾಕಬೇಕು. ಕತ್ತಿನ ಮೇಲೆ, ಬಿಟ್ ಮೇಲೆ ನೈಲ್ ಪಾಲಿಶ್‌ನಲ್ಲಿ ಒಂದೊಂದು ಗೆರೆ ಎಳೆದರೆ ಕತ್ತಲಲ್ಲಿ ಜೋಡಿಸಿದರೂ ಕೋನ ತಪ್ಪುವುದಿಲ್ಲ.

ಕೆಜಿಎಫ್_ಟ್ರಾಂಬೋನ್
ಟ್ರಾಂಬೋನ್‌ನವರನ್ನು ಎಲ್ಲರೂ ಮರೆತುಬಿಟ್ಟಿರಿ! ನಮ್ಮದು ದೊಡ್ಡದಲ್ಲ ಅಂತ ಅನ್ನಿಸಬಹುದು. ಎರಡು ಕೆಜಿ ಒಳಗೇ ಇರುತ್ತದೆ. ಆದರೆ ಹೆಗಲಿಲ್ಲ, ತೊಡೆಯಿಲ್ಲ, ಅಷ್ಟೂ ಭಾರ ಎಡಗೈ ಮೇಲೆ, ಗಾಳಿಯಲ್ಲಿ. ಬಲಗೈ ಸ್ಲೈಡ್, ಅಂದರೆ ಸ್ವರ ಬದಲಿಸುವ ಜಾರು ಕೊಳವೆ, ಎಳೆಯಬೇಕು, ಅದು ಒಂದು ಗ್ರಾಂ ಕೂಡ ಹೊರಬಾರದು. ನಮ್ಮ ಚರ್ಚ್ ಮೆರವಣಿಗೆಯಲ್ಲಿ ಹುಡುಗರ ಎಡ ಹೆಬ್ಬೆರಳಿನ ಬುಡ ಊದಿಕೊಳ್ಳುವುದನ್ನು ನೋಡಿದ್ದೇನೆ.

ನಾನು ಹೇಳಿಕೊಡುವುದು ಹೀಗೆ. ಎಡ ತೋರುಬೆರಳು ಮೌತ್‌ಪೀಸ್ ಕೂರುವ ಜಾಗದ ಹತ್ತಿರ ಚಾಚಿರಲಿ. ಉಳಿದ ಮೂರು ಬೆರಳು ಸ್ಲೈಡ್‌ನ ಅಡ್ಡಪಟ್ಟಿ ಹಿಡಿಯಲಿ. ಮಣಿಕಟ್ಟು ಹಿಂದಕ್ಕೆ ಮಡಚಬಾರದು. ಸ್ಲೈಡ್ ಪೂರ್ತಿ ಚಾಚಿದಾಗ ಮುಂಭಾಗ ಭಾರ ಆಗುತ್ತದೆ, ಅದಕ್ಕೇ ಕೆಲವು ವಾದ್ಯಕ್ಕೆ ಹಿಂದೆ ಎದುರು ಭಾರ ಇಟ್ಟಿರುತ್ತಾರೆ. ಅದನ್ನು ಸುಮ್ನೆ ತೂಕ ಅಂತ ಬಿಚ್ಚಿಹಾಕಬೇಡಿ.

ಕೈ ಗಿಡ್ಡ ಇರುವ ಮಕ್ಕಳಿಗೆ ಸ್ಲೈಡ್‌ನ ಏಳನೇ ಸ್ಥಾನ, ಅಂದರೆ ಅತಿ ದೂರದ್ದು, ಎಟುಕುವುದಿಲ್ಲ. ಹೆಬ್ಬೆರಳಿನಲ್ಲಿ ಒತ್ತುವ ಎಫ್ ವಾಲ್ವ್ ಇರುವ ಟ್ರಾಂಬೋನ್ ಕೊಟ್ಟರೆ ಆರನೇ ಸ್ಥಾನದ ಕೆಳಗಿನ ಸಿ ಸ್ವರ ಮೊದಲನೇ ಸ್ಥಾನದಲ್ಲೇ ಸಿಗುತ್ತದೆ, ಏಳನೆಯದರ ಬಿ ಎರಡನೆಯದರ ಹತ್ತಿರ ಸಿಗುತ್ತದೆ. ಆದರೆ ಆ ವಾಲ್ವ್, ಅದರ ಕೊಳವೆ, ಎಲ್ಲದರ ತೂಕ ಅದೇ ಎಡಗೈಗೆ. ತೋಳಿಗೆ ಉಪಕಾರ, ಮಣಿಕಟ್ಟಿಗೆ ಹೊರೆ. ಚಿಕ್ಕವರಿಗೆ ನಾನು ಹಗುರದ್ದನ್ನೇ ಕೊಡುತ್ತೇನೆ, ಏಳನೇ ಸ್ಥಾನದ ಸ್ವರವನ್ನು ಪಕ್ಕದವರಿಗೆ ಬಿಡುತ್ತೇನೆ.

ಇತಿಹಾಸ_ಪ್ರೀತಿ
ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಟ್ಯೂಬಾಗೆ ಪೇಟೆಂಟ್ ಸಿಕ್ಕಿದ್ದು 1835ರಲ್ಲಿ, ಪ್ರಷ್ಯಾದಲ್ಲಿ. ಮೈಗೆ ಸುತ್ತಿಕೊಂಡು ನಡೆಯುವ ಹೆಲಿಕಾನ್ ಅದೇ ಶತಮಾನದ ನಡುವಿನಲ್ಲಿ ಬಂತು. ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರಿಗೆ ಹೆಲಿಕಾನ್ ಸ್ವರ ಮುಂದಕ್ಕೆ ನುಗ್ಗುತ್ತದೆ ಅನ್ನಿಸಿತು. ಬೆಲ್, ಅಂದರೆ ಸ್ವರ ಹೊರಬರುವ ಅಗಲ ಬಾಯಿ, ಆಕಾಶ ನೋಡುವ ಹಾಗೆ ಮಾಡಿಸಿದರು. ಫಿಲಡೆಲ್ಫಿಯಾದ ಜೆ. ಡಬ್ಲ್ಯು. ಪೆಪ್ಪರ್ 1893ರಲ್ಲಿ, ಆಮೇಲೆ ಕಾನ್ ಕಂಪನಿ 1898ರಲ್ಲಿ ಮಾಡಿಕೊಟ್ಟಿತು. ಸೂಸಾ ಅವರಿಗೆ ಬೇಕಾಗಿದ್ದು ಸಂಗೀತ ಕಛೇರಿಗೆ. ಬೆಲ್ ಮುಂದಕ್ಕೆ ತಿರುಗಿದ್ದು ಆಮೇಲೆ, 1908ರಲ್ಲಿ. ಮೈಲಿಗಟ್ಟಲೆ ಹೊತ್ತು ನಡೆಯುವುದು ಇದರ ಮೊದಲ ಉದ್ದೇಶವೇ ಆಗಿರಲಿಲ್ಲ. ಆದ್ದರಿಂದ ಹೆಗಲು ನೋಯುತ್ತದೆ ಅಂದರೆ ಅದು ನುಡಿಸುವವರ ದೌರ್ಬಲ್ಯ ಅಲ್ಲ.

ಬ್ಯಾಂಡ್_ಮಾಲೀಕ_ಮುಳಬಾಗಿಲು
ನಾನು ಬ್ಯಾಂಡ್ ನಡೆಸುವವನು, ನನ್ನ ಕಡೆಯಿಂದ ಹೇಳುತ್ತೇನೆ. ಬೇಸಿಗೆ ಮದುವೆ ಹೊತ್ತಿನಲ್ಲಿ ದಪ್ಪ ಕೋಟು, ಟೋಪಿ, ಬಿಸಿಲು, ಮೇಲೆ ಕಾದ ಹಿತ್ತಾಳೆ. ಬಾಸ್ ಹುಡುಗರು ಒಂದೊಂದು ಸಲ ತಲೆ ಸುತ್ತಿ ಕೂರುತ್ತಾರೆ. ಈಗ ನಾವು ಮುಂಗಡ ತಗೊಳ್ಳುವಾಗಲೇ ದಾರಿ ಕೇಳುತ್ತೇವೆ, ಎಲ್ಲಿ ನಿಲ್ಲುತ್ತೇವೆ ಅಂತ ಹೇಳುತ್ತೇವೆ. ನಿಂತಾಗ ನೀರು, ಬಾಸ್ ವಾದ್ಯ ಕೆಳಗೆ. ಇಬ್ಬರು ಬಾಸ್‌ನವರನ್ನು ಕರೆದುಕೊಂಡು ಹೋಗಿ ಅದಲು ಬದಲು ಮಾಡಿಸುತ್ತೇನೆ. ಆ ಹೊತ್ತಿಗೆ ಇನ್ನೊಬ್ಬ ತಾಳ ಹಿಡಿಯುತ್ತಾನೆ. ಖರ್ಚು ಜಾಸ್ತಿ, ನಿಜ. ಆದರೆ ಒಬ್ಬ ಒಳ್ಳೆಯ ಬಾಸ್ ಹೋದರೆ ಇನ್ನೊಬ್ಬನನ್ನು ತಯಾರು ಮಾಡಲು ಎಷ್ಟು ಕಾಲ ಬೇಕು ಅಂತ ಎಲ್ಲರಿಗೂ ಗೊತ್ತು.

ಫೈಬರ್ ಬಗ್ಗೆ: ನಮ್ಮ ಹತ್ತಿರ ಒಂದಿದೆ. 10 ಕೆಜಿ ಆಸುಪಾಸು. ವಾಲ್ವ್ ಭಾಗ ಹಿತ್ತಾಳೆಯೇ, ದೊಡ್ಡ ಸುತ್ತು ಮತ್ತು ಬೆಲ್ ಫೈಬರ್. ಹುಡುಗರು ಅದಕ್ಕೇ ಜಗಳ ಆಡುತ್ತಾರೆ.

ಕೋಲಾರದ_ಹಳೇ_ಬಾಸ್
ಸ್ವರ ತೆಳು ಆಗುತ್ತದೆ ಸರ್. ಹಿತ್ತಾಳೆಯ ಆ ತುಂಬು ದನಿ ಬರುವುದಿಲ್ಲ.

ಕೆಜಿಎಫ್_ಟ್ರಾಂಬೋನ್
ಅಣ್ಣ, ಸಭಾಂಗಣದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ರಸ್ತೆಯಲ್ಲಿ, ಪಟಾಕಿ ಮತ್ತು ಲೌಡ್‌ಸ್ಪೀಕರ್ ನಡುವೆ, ಆ ವ್ಯತ್ಯಾಸ ಯಾರಿಗೆ ಕೇಳಿಸುತ್ತದೆ? ನೆಟ್ಟಗೆ ನಿಂತವನ ಫೈಬರ್ ಸ್ವರ, ಬಗ್ಗಿ ನಿಂತವನ ಹಿತ್ತಾಳೆ ಸ್ವರಕ್ಕಿಂತ ಚೆನ್ನಾಗಿರುತ್ತದೆ.

ಕೋಲಾರದ_ಹಳೇ_ಬಾಸ್
ಕೊನೇ ಮಾತು ಒಪ್ಪಿದೆ. ಮೊದಲನೆಯದು ಒಪ್ಪುವುದಿಲ್ಲ. ಬಾಸ್ ಕೇಳಿಸದಿದ್ದರೂ ಜನರ ಕಾಲಿಗೆ ತಾಕುತ್ತದೆ.

ಶಾಲಾ_ಬ್ಯಾಂಡ್_ಚಿಕ್ಕಬಳ್ಳಾಪುರ
ನಮ್ಮ ಜಿಲ್ಲೆಯ ತಮಟೆ ಕಲಾವಿದರು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳು ತುಂಬಾ ಸಂತೋಷಪಟ್ಟರು. ಬೀದಿಯಲ್ಲಿ ನುಡಿಸುವ ಕಲೆಗೆ ಗೌರವ ಬರುತ್ತಿದೆ. ಮುಳಬಾಗಿಲಿನ ಸರ್ ಹಾಗೆ ಮಾಲೀಕರೂ ಯೋಚಿಸಿದರೆ ನಮ್ಮ ಮಕ್ಕಳು ಶಾಲೆ ಬಿಟ್ಟ ಮೇಲೂ ನುಡಿಸುತ್ತಾರೆ.

ಹಿತ್ತಾಳೆ_ರಿಪೇರಿ_ಚಿಂತಾಮಣಿ
ಎತ್ತುವ ವಿಷಯ ಯಾರೂ ಬರೆಯಲಿಲ್ಲ. ಸೊಂಟ ಹಿಡಿಯುವುದು ನಡೆಯುವಾಗ ಮಾತ್ರ ಅಲ್ಲ, ಟೆಂಪೋದಿಂದ ಎತ್ತಿ ತಲೆ ಮೇಲಿಂದ ಹಾಕಿಕೊಳ್ಳುವಾಗಲೂ. ಬೆಲ್ ಬಿಚ್ಚಲು ಸ್ಕ್ರೂ ಕೊಟ್ಟಿರುವುದು ಸಾಗಿಸಲು ಮಾತ್ರ ಅಲ್ಲ. ಮೊದಲು ಸುತ್ತನ್ನು ಮಾತ್ರ ಹೆಗಲಿಗೆ ಹಾಕಿಕೊಳ್ಳಿ. ಆಮೇಲೆ ಇನ್ನೊಬ್ಬರು ಬೆಲ್ ತಂದು ಕೂರಿಸಿ ಸ್ಕ್ರೂ ಬಿಗಿ ಮಾಡಲಿ. ಇಳಿಸುವಾಗ ಮೊದಲು ಬೆಲ್.

ಅಭ್ಯಾಸದ ಜಾಗಕ್ಕೆ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆಗುತ್ತದೆ. ವಾದ್ಯ ನಿಮ್ಮ ಹೆಗಲ ಎತ್ತರದಲ್ಲೇ ಕೂತಿರಬೇಕು. ನೀವು ಸ್ವಲ್ಪ ಮಂಡಿ ಬಗ್ಗಿಸಿ ಒಳಗೆ ಹೋಗಿ ನೆಟ್ಟಗೆ ನಿಂತರೆ ಸಾಕು, ಎತ್ತುವ ಕೆಲಸವೇ ಇಲ್ಲ. ಕಬ್ಬಿಣ ತಾಗುವ ಕಡೆ ದಪ್ಪ ಫೆಲ್ಟ್ ಅಂಟಿಸಿ.

ಬಾಸ್_ತುಮಕೂರು
ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಕೈಯನ್ನು ಡಾಕ್ಟರ್‌ಗೆ ತೋರಿಸಿದೆ. ಸದ್ಯಕ್ಕೆ ದೊಡ್ಡ ವಾದ್ಯ ಬಿಟ್ಟು ಯುಫೋನಿಯಂ ನುಡಿಸು ಅಂದಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ. ಮಾಸ್ಟರ್‌ಗೆ ಈ ಮಾತೆಲ್ಲ ಓದಿ ಹೇಳಿದೆ, ಒಪ್ಪಿದರು. ಹಳೇ ಸಾಮಾನಿನ ಪೆಟ್ಟಿಗೆಯಲ್ಲಿ ಒಂದು ಬಿಟ್ ಸಿಕ್ಕಿತು. ಇನ್ನೊಂದು ಇಲ್ಲ. ಬೇರೆ ವಾದ್ಯದ ಬಿಟ್ ಹೊಂದುತ್ತದಾ? ಸಿಕ್ಕಿದ ಒಂದು ಕೂಡ ಕತ್ತಿನಲ್ಲಿ ಸ್ವಲ್ಪ ಅಲ್ಲಾಡುತ್ತದೆ. ದಾರ ಸುತ್ತಬಹುದಾ?

ಹಿತ್ತಾಳೆ_ರಿಪೇರಿ_ಚಿಂತಾಮಣಿ
ದಾರ ಬೇಡ, ಗಾಳಿ ಸೋರುತ್ತದೆ, ಕೆಳಗಿನ ಸ್ವರ ಒಡೆಯುತ್ತದೆ. ಬೇರೆ ವಾದ್ಯದ್ದು ಹೊಂದಬಹುದು, ಆದರೆ ತುದಿಯ ಇಳಿಜಾರು ಒಂದೇ ಇರಬೇಕು. ನಾಲ್ಕು ಬೆರಳು ಅಗಲದಷ್ಟು ಹೊರಗೆ ಉಳಿದರೆ ಅದು ನಿನ್ನದಲ್ಲ. ಹೊಸದು ಬೇಕಾದರೆ ಮೀರತ್‌ನಿಂದ ತರಿಸಬಹುದು, ಬ್ಯಾಂಡ್ ವಾದ್ಯದ ದೊಡ್ಡ ಕೆಲಸ ನಡೆಯುವುದು ಅಲ್ಲೇ. ಬರೆಯುವಾಗ ಕತ್ತಿನ ಕೊಳವೆಯ ಒಳ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಕಳಿಸು. ಅಲ್ಲಾಡುವ ಬಿಟ್ ಮತ್ತು ಕತ್ತಿನ ಕೊಳವೆ ಎರಡನ್ನೂ ಒಟ್ಟಿಗೆ ತಗೊಂಡು ಚಿಂತಾಮಣಿಗೆ ಬಾ, ತುದಿ ಸ್ವಲ್ಪ ಹಿಗ್ಗಿಸಿ ಕೂರಿಸಿಕೊಡುತ್ತೇನೆ. ಒಂದು ವೇಳೆ ಸಿಕ್ಕಿಹಾಕಿಕೊಂಡರೆ ಇಕ್ಕಳ ಹಾಕಿ ತಿರುಗಿಸಬೇಡ, ಹಾಗೇ ತಗೊಂಡು ಬಾ.

ಕೋಲಾರದ_ಹಳೇ_ಬಾಸ್
ನನ್ನ ಹತ್ತಿರ ಎರಡು ಹೆಚ್ಚುವರಿ ಬಿಟ್ ಇವೆ. ಚಿಂತಾಮಣಿಗೆ ಹೋಗುವ ದಿನ ಹೇಳು, ನಾನೂ ಅಲ್ಲಿಗೆ ತಂದು ಕೊಡುತ್ತೇನೆ. ಅಲ್ಲೇ ಕೂರಿಸಿ ನೋಡೋಣ.